ಅಕ್ಕಿ ಆರಿಸಿದ ಹಾಗೆ ಫ್ರೇಮ್ ಆರಿಸಿ

ಡಿಸೆಂಬರ್ ಬಂತೆಂದರೆ ಹೊಸದಾಗಿ ಟ್ರ್ಯಾಕರ್ (ನಕ್ಷತ್ರಗಳ ಚಲನೆಗೆ ತಕ್ಕಂತೆ ಕ್ಯಾಮೆರಾ ತಿರುಗಿಸುವ ಯಂತ್ರ) ಕೊಂಡವರ ಕ್ಯಾಮೆರಾ ತಿರುಗುವುದು ಒಂದೇ ಕಡೆಗೆ: ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಸೊಂಟದ ಕೆಳಗಿನ ನೆಬ್ಯುಲಾ (ಅನಿಲ, ದೂಳಿನ ಮೋಡ), ಎಂ42. ಊರಾಚೆ ಹೋಗಿ, ಚಳಿಯಲ್ಲಿ ನಡುಗುತ್ತಾ, ಒಂದೊಂದು ನಿಮಿಷದ 120 ಫ್ರೇಮ್ (ಫೋಟೊ) ತೆಗೆಯುತ್ತಾರೆ. ಮನೆಗೆ ಬಂದು ಅಷ್ಟನ್ನೂ ಸ್ಟ್ಯಾಕಿಂಗ್‌ಗೆ, ಅಂದರೆ ಎಲ್ಲ ಸೇರಿಸಿ ಒಂದೇ ಚಿತ್ರ ಮಾಡುವುದಕ್ಕೆ, ಸುರಿಯುತ್ತಾರೆ. ಕಲ್ಲು ಆರಿಸದೆ ಅಕ್ಕಿ ಬೇಯಿಸಿದ ಹಾಗೆ. ಇನ್ನು ಕೆಲವರು ಉಪಗ್ರಹದ ಗೆರೆ ಕಂಡರೆ ಸಾಕು, ಫ್ರೇಮನ್ನೇ ಎಸೆಯುತ್ತಾರೆ. ಅದೂ ತಪ್ಪು.

ಹಂತ 1: ರಾ ಫೈಲ್‌ಗಳನ್ನು ಕಂಪ್ಯೂಟರ್‌ಗೆ ಹಾಕಿಕೊಳ್ಳಿ. ಕ್ಯಾಮೆರಾದ ಪುಟ್ಟ ಪರದೆ ನೋಡಿ ಏನನ್ನೂ ಅಳಿಸಬೇಡಿ. ಅದರಲ್ಲಿ ಎಲ್ಲ ನಕ್ಷತ್ರವೂ ದುಂಡಗೇ ಕಾಣುತ್ತದೆ.

ಹಂತ 2: ಸಿರಿಲ್ ಎಂಬ ಸಾಫ್ಟ್‌ವೇರ್‌ನಲ್ಲಿ ತೆರೆದು, ಡಾರ್ಕ್ (ಸೆನ್ಸರಿನ ದೋಷ ಕಳೆಯುವ ಫ್ರೇಮ್), ಫ್ಲ್ಯಾಟ್ (ಮೂಲೆಯ ಕತ್ತಲು, ದೂಳಿನ ಕಲೆ ಸರಿಪಡಿಸುವ ಫ್ರೇಮ್) ತಿದ್ದುಪಡಿ ಮುಗಿಸಿ, ರಿಜಿಸ್ಟ್ರೇಷನ್ (ಎಲ್ಲ ಫ್ರೇಮಿನ ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸುವುದು) ಮಾಡಿ. ಸಾಫ್ಟ್‌ವೇರ್ ಉಚಿತ.

ಹಂತ 3: ಒಂದೊಂದೇ ಫ್ರೇಮನ್ನು ಬೇಗಬೇಗ ತಿರುವಿ ನೋಡಿ. ಬಹಳ ಜನ ಎಡವುವುದು ಇಲ್ಲೇ. ಆಟೋ ಸ್ಟ್ರೆಚ್ (ಮಂದ ಚಿತ್ರವನ್ನು ಪರದೆಯ ಮೇಲೆ ತಾನೇ ಬೆಳಗಿಸಿ ತೋರಿಸುವ ಸೌಲಭ್ಯ) ಪ್ರತಿ ಫ್ರೇಮನ್ನೂ ಬೇರೆಬೇರೆಯಾಗಿ ಬೆಳಗಿಸುತ್ತದೆ. ತೆಳು ಮೋಡ ಹಾದುಹೋದ ಫ್ರೇಮೂ ಒಳ್ಳೆಯದರ ಹಾಗೇ ಕಾಣುತ್ತದೆ. ಕಣ್ಣನ್ನಷ್ಟೇ ನಂಬಿದರೆ ಮೋಸ ಹೋಗುತ್ತೀರಿ. ಶೇ 100 ಜೂಮ್ ಮಾಡಿ, ಚಿತ್ರದ ನಡುವಿನ ನಕ್ಷತ್ರ ನೋಡಿ. ಅಲ್ಲಿ ಅದು ಅಕ್ಕಿಕಾಳಿನ ಹಾಗೆ ಉದ್ದವಾಗಿದ್ದರೆ ಗಾಳಿಯದೋ ಟ್ರ್ಯಾಕಿಂಗ್‌ನದೋ ಕೆಲಸ. ಆ ಫ್ರೇಮ್ ಹೊರಗೆ. ಎಲ್ಲ ಫ್ರೇಮಲ್ಲೂ ಮೂಲೆಗಳು ಮಾತ್ರ ಎಳೆದಂತಿದ್ದರೆ ತಪ್ಪು ಲೆನ್ಸ್‌ದು. ಅದಕ್ಕೆ ಫ್ರೇಮ್ ಎಸೆದು ಪ್ರಯೋಜನವಿಲ್ಲ.

ಹಂತ 4: ಸಿರಿಲ್‌ನ ಪ್ಲಾಟ್ (ಪ್ರತಿ ಫ್ರೇಮಿಗೂ ಒಂದು ಚುಕ್ಕಿ ಇರುವ ಗ್ರಾಫ್) ತೆರೆಯಿರಿ. ನಕ್ಷತ್ರದ ಅಗಲ (ಎಫ್‌ಡಬ್ಲ್ಯೂಎಚ್‌ಎಂ), ದುಂಡುತನ, ಹಿನ್ನೆಲೆಯ ಬೆಳಕು, ನಕ್ಷತ್ರಗಳ ಎಣಿಕೆ ಇವನ್ನು ಒಂದರ ಪಕ್ಕ ಒಂದಿಟ್ಟು ಓದಿ. ಅಗಲ ಚೆನ್ನಾಗಿದ್ದು ಎಣಿಕೆ ದಿಢೀರನೆ ಕುಸಿದರೆ ಅದು ಮೋಡ. ಎಣಿಕೆ ನಿಧಾನವಾಗಿ ಇಳಿಯುತ್ತಾ ಹೋದರೆ ಲೆನ್ಸ್ ಮೇಲೆ ಇಬ್ಬನಿ. ಅಗಲ ಮೆಲ್ಲಗೆ ಏರುತ್ತಿದ್ದರೆ ಚಳಿಗೆ ಫೋಕಸ್ ಜರುಗಿದೆ, ಇಲ್ಲವೇ ನೆಬ್ಯುಲಾ ಪಶ್ಚಿಮಕ್ಕೆ ಇಳಿದಿದೆ. ಒಂಟಿ ಮೊನೆಯಾದರೆ ಯಾರೋ ಟ್ರೈಪಾಡ್ ಒದ್ದಿದ್ದಾರೆ! ನನ್ನ ಒಂದು ರಾತ್ರಿಯ ಗ್ರಾಫ್ ಎರಡು ಗಂಟೆಯ ಹೊತ್ತಿಗೆ ಜಾರುಬಂಡೆಯಾಗಿತ್ತು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಕೊಂಡ, ಇಬ್ಬನಿ ಕೂರದಂತೆ ಲೆನ್ಸ್ ಬೆಚ್ಚಗಿಡುವ ಹೀಟರ್ ಪಟ್ಟಿ ತಣ್ಣಗಾಗಿ ಕೂತಿತ್ತು. ಅಂಥದ್ದಕ್ಕೆ ದುಡ್ಡು ಹಾಕಬೇಡಿ.

ಹಂತ 5: ಎಷ್ಟು ಎಸೆಯಬೇಕು? 'ಒಳ್ಳೆಯ ಶೇ 80 ಇಟ್ಟುಕೋ' ಅನ್ನೋ ಅಡ್ಡದಾರಿ ನನಗೆ ಸೇರುವುದಿಲ್ಲ. ಒಳ್ಳೆಯ ರಾತ್ರಿ ಸುಮ್ನೆ 24 ಒಳ್ಳೆ ಫ್ರೇಮ್ ಹೋಗುತ್ತವೆ, ಕೆಟ್ಟ ರಾತ್ರಿ ಜೊಳ್ಳೂ ಉಳಿಯುತ್ತದೆ. ಗ್ರಾಫಿನಲ್ಲಿ ಗುಂಪಿನಿಂದ ದೂರ ಕೂತ ಚುಕ್ಕಿಗಳ ಫ್ರೇಮನ್ನಷ್ಟೇ ತೆಗೆಯಿರಿ. ಗುಣಮಟ್ಟ ಒಂದೇ ಇದ್ದರೆ, 120ರಲ್ಲಿ 60 ಎಸೆದರೂ ಸಿಗ್ನಲ್-ನಾಯ್ಸ್ ಅನುಪಾತ (ನಿಜವಾದ ಬೆಳಕಿಗೂ ಚಿತ್ರದ ಕಾಳುಕಾಳಿಗೂ ಇರುವ ಅನುಪಾತ) ಕಡಿಮೆಯಾಗುವುದು ಅರ್ಧಕ್ಕಲ್ಲ, ಸುಮಾರು ಶೇ 29. ಹಾಗಂತ ಧಾರಾಳವಾಗಬೇಡಿ. ಆ 60 ಫ್ರೇಮಿಗೆ ಒಂದು ಗಂಟೆ ಚಳಿ ತಿಂದಿದ್ದೀರಿ, ಅಲ್ವಾ?

ಹಂತ 6: ಗೆರೆಗಳ ಚಿಂತೆ ಬಿಡಿ. ಸ್ಟ್ಯಾಕ್ ಮಾಡುವಾಗ ಸಿಗ್ಮಾ ಕ್ಲಿಪ್ಪಿಂಗ್ (ಉಳಿದ ಫ್ರೇಮ್‌ಗಳಿಗಿಂತ ತೀರಾ ಬೇರೆಯಾದ ಪಿಕ್ಸೆಲ್ ಬಿಟ್ಟುಬಿಡುವ ಆಯ್ಕೆ) ಆನ್ ಮಾಡಿ. ಉಪಗ್ರಹದ ಗೆರೆ ಒಂದು ಜಾಗದಲ್ಲಿ ಒಂದೇ ಫ್ರೇಮಿನಲ್ಲಿ ಇರುವುದರಿಂದ ಅಷ್ಟು ಪಿಕ್ಸೆಲ್ ಮಾತ್ರ ಹೊರಬೀಳುತ್ತವೆ. ಏಳೆಂಟು ಫ್ರೇಮ್ ಮಾತ್ರ ಇದ್ದರೆ ಇದು ಸರಿಯಾಗಿ ಕೆಲಸ ಮಾಡುವುದಿಲ್ಲ.

ಬೇಡದ ಫ್ರೇಮ್‌ಗಳನ್ನು ಡಿಲೀಟ್ ಮಾಡದೆ 'ಜೊಳ್ಳು' ಅಂತ ಒಂದು ಫೋಲ್ಡರ್‌ಗೆ ಹಾಕಿಡಿ. ಒಮ್ಮೆ ನಾನು ನಿದ್ದೆಗಣ್ಣಿನಲ್ಲಿ ಅಳಿಸಿದ್ದು ಡಾರ್ಕ್ ಫ್ರೇಮ್‌ಗಳನ್ನು. ಮುಚ್ಚಳ ಹಾಕಿ ತೆಗೆದವು, ಕಪ್ಪಗಿದ್ದವು, ಹಾಳಾಗಿವೆ ಅಂದುಕೊಂಡಿದ್ದೆ.