ಕಚೇರಿಯ ಪೂಜೆಯಲ್ಲಿ ದೇವರನ್ನು ನಂಬದ ನೌಕರರು

ವಿಜಯಪುರ, ಬಾಗಲಕೋಟೆ ಕಡೆಯ ಸರ್ಕಾರಿ ಕಚೇರಿಗಳಲ್ಲಿ ಮಹಾನವಮಿಯ ಪೂಜೆ ಸಮೀಪಿಸಿದಾಗ, ದೇವರನ್ನು ನಂಬದ ನೌಕರರು ತಮ್ಮ ನಿಲುವನ್ನು ಪೂಜೆಯ ದಿನ ಎಲ್ಲರೆದುರು ಹೇಳುವ ಬದಲು, ಪಟ್ಟಿ (ಪೂಜೆಯ ಚಂದಾ) ಎತ್ತಲು ಆರಂಭಿಸುವ ಮೊದಲೇ ಮೇಲಧಿಕಾರಿಗೆ ಪ್ರತ್ಯೇಕವಾಗಿ ತಿಳಿಸುವುದು ಲೇಸು. "ಸರ್, ನಾನು ಪೂಜೆಗೆ ನಿಲ್ಲುವುದಿಲ್ಲ, ಆ ಹೊತ್ತಿನಲ್ಲಿ ಅರ್ಜಿಗಳ ಕೌಂಟರ್ ನೋಡಿಕೊಳ್ಳುತ್ತೇನೆ" ಎಂದರೆ ಸಾಕು.

ಸಂವಿಧಾನದ 25ನೇ ವಿಧಿ ರಕ್ಷಿಸುವ ಆತ್ಮಸಾಕ್ಷಿಯ ಸ್ವಾತಂತ್ರ್ಯ ನಂಬದವರಿಗೂ ಸೇರಿದ್ದು. ಆದ್ದರಿಂದ ಹಣ ಕೊಡಲೇಬೇಕೆಂದು ಯಾರಾದರೂ ಒತ್ತಾಯಿಸಿದರೆ, ಅದನ್ನು ದಿನಾಂಕ ಸಹಿತ ಬರೆದಿಟ್ಟುಕೊಂಡು, ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಪ್ರಸಾದ ತಿನ್ನುವುದು, ಬಿಡುವುದು ನಿಮ್ಮಿಷ್ಟ.

ಆದರೆ ರಜೆ ಮುಗಿದ ಮೇಲೆ ಹಿರಿಯ ಸಹೋದ್ಯೋಗಿಯೊಬ್ಬರು ಬನ್ನಿ ಎಲೆ ನೀಡಿ "ಬಂಗಾರದಂಗ ಇರೂಣ್ರಿ" ಎಂದಾಗ ಕೈ ಹಿಂದೆಗೆಯಬೇಡಿ. ಹಳೆಯ ಮನಸ್ತಾಪ ಮರೆಸುವ ಈ ರೂಢಿಗೆ ನಂಬಿಕೆಯ ಹಂಗಿಲ್ಲವೆಂದು ನಾನು ಭಾವಿಸುತ್ತೇನೆ. ನೀವೂ ಎರಡು ಎಲೆ ಕೊಟ್ಟು ನಮಸ್ಕರಿಸಿ.