ದಪ್ಪ ಚೌಕದ ಕನ್ನಡ ಅಕ್ಷರ ಬಿಡಿಸೋದು ಹೇಗೆ?

ಹಳೇ ಕಾಲದವರು ಊಹಿಸಿದ ನಾಳೆಯ ಲುಕ್ ಬೇಕಾ? ಇಟಲಿಯ ಆಲ್ಡೊ ನೊವಾರೆಸೆ 1962ರಲ್ಲಿ ಮಾಡಿದ ಯೂರೋಸ್ಟೈಲ್ ಫಾಂಟ್ ನೋಡಿ. ಅದರ ಇಂಗ್ಲಿಷ್ ‘ಓ’ ದುಂಡಗಿಲ್ಲ. ಹಳೇ ಟಿವಿ ಪರದೆಯ ಹಾಗೆ ಮೂಲೆ ಸವೆದ ಚೌಕ. ಕನ್ನಡಕ್ಕೂ ಅದೇ ಆಕಾರ ಹಿಡಿಯಿರಿ.

ಗ್ರಾಫ್ ಹಾಳೆಯಲ್ಲಿ ಮೊದಲು ‘ರ’ ಬರೆಯಿರಿ, ‘ಠ’ ಅದರಿಂದಲೇ ಹುಟ್ಟುತ್ತದೆ. ಅಡ್ಡಗೆರೆ ಚೂರು ತೆಳ್ಳಗಿರಲಿ, ಇಲ್ಲದಿದ್ದರೆ ಅದೇ ದಪ್ಪ ಕಾಣುತ್ತದೆ. ತಲೆಕಟ್ಟಿಗೆ ನೇರ ಪಟ್ಟಿ ಸಾಕು.

ನಿಜವಾದ ತಲೆನೋವು ಮಹಾಪ್ರಾಣದ ಸೀಳು. ದಪ್ಪ ಜಾಸ್ತಿಯಾದರೆ ಅದು ಮುಚ್ಚಿಹೋಗಿ ‘ಧನ’ ಹೋಗಿ ‘ದನ’ ಆಗುತ್ತದೆ! ಸೀಳನ್ನು ಬೇಕಂತಲೇ ಅಗಲ ಮಾಡಿ. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡಿ. ‘ಮಲ್ಲೇಶ್ವರ’ ಬರೆದು ನೋಡಿ, ಗೊತ್ತಾಗುತ್ತದೆ.

ನಾನಂತೂ ಸುಲ್ತಾನ್‌ಪೇಟೆಯಲ್ಲಿ ಪ್ರಿಂಟ್ ಹಾಕಿಸಿ, ಗೋಡೆಗೆ ಅಂಟಿಸಿ, ರಸ್ತೆಯ ಆಚೆಯಿಂದ ನೋಡುತ್ತೇನೆ. ಬೋರ್ಡು, ಪೋಸ್ಟರಿಗೆ ಸರಿ. ಮದುವೆ ಕಾರ್ಡಿನ ವಿಳಾಸಕ್ಕೆ ಮಾತ್ರ ಬೇಡ್ವೇ ಬೇಡ.