ಮುಖ ಆಮೇಲೆ, ಮೊದ್ಲು ತಲೆಗೂದಲು ನೋಡಿ: ಹಳೇ ಪೋರ್ಟ್ರೇಟ್ ಓದೋದು ಹೇಗೆ

ಅಮೆರಿಕದ ಮೂಲನಿವಾಸಿ ನಾಯಕರನ್ನ 1830ರ ದಶಕದಲ್ಲಿ ಬಿಡಿಸಿದ ಪೇಂಟಿಂಗ್ ಸಿಕ್ರೆ ಮುಖ ನೋಡಿ, ಗರಿ ನೋಡಿ, ಚೆನ್ನಾಗಿದೆ ಅಂತ ಮುಂದೆ ಹೋಗ್ಬೇಡಿ. ಅವ್ರು ಮೈಮೇಲೆ ಹಾಕ್ಕೊಂಡಿರೋದು ಅಲಂಕಾರ ಅಲ್ಲ, ಅವ್ರೇ ಬರ್ಕೊಂಡ ಜೀವನಚರಿತ್ರೆ.

ಸ್ವಿಸ್ ಚಿತ್ರಕಾರ ಕಾರ್ಲ್ ಬೋಡ್ಮರ್ 1834ರಲ್ಲಿ ಬಿಡಿಸಿದ ಮ್ಯಾಂಡನ್ ಬುಡಕಟ್ಟಿನ ನಾಯಕ ಮಾಟೋ-ಟೋಪೆ ಅವ್ರ ಚಿತ್ರ ತಗೊಳ್ಳಿ, ಮೈಗೆ ಬಣ್ಣ ಬಳ್ಕೊಂಡಿರೋದು. ತಲೆ ಹತ್ರ ಝೂಮ್ ಮಾಡಿ. ಕೂದಲಲ್ಲಿ ಕೆಂಪು ಬಣ್ಣದ ಪುಟ್ಟ ಮರದ ಚಾಕು ಇದೆಯಲ್ಲ, ಅದು ಶಯೆನ್ ಅನ್ನೋ ಇನ್ನೊಂದು ಬುಡಕಟ್ಟಿನ ನಾಯಕನೊಬ್ಬನನ್ನ ಚಾಕುವಿನಲ್ಲೇ ಕೊಂದಿದ್ರ ಗುರುತು, ಪಕ್ಕದ ಬಣ್ಣದ ಕಡ್ಡಿಗಳು ಒಂದೊಂದೂ ಅವ್ರಿಗೆ ಬಿದ್ದ ಒಂದೊಂದು ಗುಂಡಿನ ಗಾಯ, ಎದೆ ಮೇಲಿನ ಹಳದಿ ಹಸ್ತ ಅಂದ್ರೆ ಶತ್ರುಗಳನ್ನ ಸೆರೆ ಹಿಡಿದಿದ್ದು. ಇಷ್ಟೆಲ್ಲ ಗೊತ್ತಾದ್ಮೇಲೆ ಮುಖ ನೋಡಿ, ಬೇರೆ ಮನುಷ್ಯನೇ ಕಾಣ್ತಾರೆ.

ಆಮೇಲೆ ಅದೇ ವ್ಯಕ್ತಿನ ಇನ್ನೊಬ್ರು ಬಿಡಿಸಿದ್ದಾರಾ ಹುಡುಕಿ. ಜಾರ್ಜ್ ಕ್ಯಾಟ್ಲಿನ್ 1832ರಲ್ಲಿ ಇವ್ರನ್ನೇ ಬಿಡಿಸಿದ್ರು, ಆದ್ರೆ ಆಕೃತಿಯ ಅಂದ ಕೆಡುತ್ತೆ ಅಂತ ಕೆಲವು ಆಭರಣ, ಸಾಮಾನು ಬಿಟ್ಟಿದ್ದೀನಿ ಅಂತ ಅವ್ರೇ ಬರೆದಿದ್ದಾರೆ. ನನಗೆ ಇದು ಬಹಳ ಬೇಜಾರಿನ ವಿಷ್ಯ, ಯಾಕಂದ್ರೆ ಯಾವುದನ್ನ ಬಿಡ್ಬಹುದು ಅಂತ ತೀರ್ಮಾನಿಸಿದ್ದು ಹಾಕ್ಕೊಂಡವ್ರಲ್ಲ, ಬಿಡಿಸಿದವ್ರು.

ಕುತ್ತಿಗೇಲಿ ಬೆಳ್ಳಿ ಪದಕ ಇದ್ರೆ ಅದ್ರಲ್ಲಿ ಅಮೆರಿಕದ ಯಾವ ಅಧ್ಯಕ್ಷರ ಮುಖ ಅಂತ ನೋಡಿ. ಅಮೆರಿಕ ಸರ್ಕಾರ ಈ ನಾಯಕರಿಗೆ ಕೊಡ್ತಿದ್ದ ಶಾಂತಿ ಪದಕ ಅದು. ಕಾಲ ಅಂದಾಜು ಸಿಗುತ್ತೆ.

ಎಣ್ಣೆಬಣ್ಣದ್ದಾ, ಪ್ರಿಂಟಾ ಅಂತ್ಲೂ ನೋಡಿ. ವಾಷಿಂಗ್ಟನ್‌ಗೆ ಒಪ್ಪಂದದ ಮಾತುಕತೆಗೆ ಬಂದ ನಾಯಕರನ್ನ ಚಾರ್ಲ್ಸ್ ಬರ್ಡ್ ಕಿಂಗ್ 1820ರ ದಶಕದಿಂದ ಬಿಡಿಸಿದ್ದ ಮೂಲಚಿತ್ರಗಳಲ್ಲಿ ಬಹುಪಾಲು 1865ರ ಜನವರಿಲಿ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಗೆ ಬಿದ್ದ ಬೆಂಕಿಲಿ ಸುಟ್ಟೋದ್ವು, ಈಗ ನಾವು ನೋಡೋ ಎಷ್ಟೋ ಮುಖಗಳು ಹೆನ್ರಿ ಇನ್ಮನ್ ಮಾಡಿದ ನಕಲಿನಿಂದ ತೆಗೆದ ಲಿಥೋಗ್ರಾಫ್‌ಗಳು (ಕಲ್ಲಚ್ಚಿನ ಪ್ರಿಂಟ್), ಅಂದ್ರೆ ನಕಲಿನ ನಕಲು, ಸಣ್ಣ ವಿವರ ನಂಬೋಕೆ ಮುಂಚೆ ಇದು ನೆನಪಿರ್ಲಿ.

ಕೊನೇಲಿ ಚಿತ್ರ ಬಿಡಿಸಿದ ತಾರೀಕನ್ನ ಅವ್ರ ಬದುಕಿನ ಪಕ್ಕ ಇಟ್ಟು ನೋಡಿ, ದಯವಿಟ್ಟು ಇದನ್ನ ಬಿಡ್ಬೇಡಿ. ಫ್ಲೋರಿಡಾದ ಸೆಮಿನೋಲ್ ಬುಡಕಟ್ಟಿನ ನಾಯಕ ಓಸಿಯೋಲಾ ಅವ್ರನ್ನ ಕ್ಯಾಟ್ಲಿನ್ ಬಿಡಿಸಿದ ಚಿತ್ರದಲ್ಲಿ ತಲೇಲಿ ಗರಿ, ಎದೆ ಮೇಲೆ ಅರ್ಧಚಂದ್ರದ ಬೆಳ್ಳಿ ತಗಡುಗಳು, ನೋಟ ನೆಟ್ಟಗಿದೆ. ಅದು 1838ರ ಜನವರಿ, ಜಾಗ ಸೌತ್ ಕ್ಯಾರೊಲಿನಾದ ಫೋರ್ಟ್ ಮೌಲ್ಟ್ರಿ ಅನ್ನೋ ಸೇನಾ ಕೋಟೆ. ಬಿಳಿ ಬಾವುಟದಡಿ ಮಾತುಕತೆಗೆ ಬಂದವ್ರನ್ನ ಹಿಡಿದು ಅಲ್ಲಿ ಸೆರೆಲಿಟ್ಟಿದ್ರು. ಅದೇ ತಿಂಗಳು 30ಕ್ಕೆ ಅವ್ರು ತೀರಿಕೊಂಡ್ರು.